ಚಲಿಸುವ ದರ್ಪಣದಲ್ಲಿ ಪ್ರತಿಫಲನ: ಒಂದು ಪ್ರಶ್ನೆ ತಿದ್ದಿದ ಪಾಠ

1. ಪಾಠದ ಹಿನ್ನೆಲೆ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ನನಗೆ ಹತ್ತನೇ ತರಗತಿಯ ಬೆಳಕಿನ ಘಟಕದಿಂದ ‘ಪ್ರತಿಫಲನದ ನಿಯಮಗಳು’ ಎಂಬ ಭಾಗ ಬಂದಿತ್ತು. ಎಂಟನೇ ತರಗತಿಯಲ್ಲೇ ಮಕ್ಕಳು ಇದನ್ನು ಒಮ್ಮೆ ಓದಿರುತ್ತಾರೆ. ಆದ್ದರಿಂದ ಇದು ಸುಲಭದ ಪಾಠ ಎಂದೇ ನಾನು ತಿಳಿದಿದ್ದೆ. ಸಮತಲ ದರ್ಪಣ, ಡ್ರಾಯಿಂಗ್ ಬೋರ್ಡ್, ಬಿಳಿ ಹಾಳೆ, ಗುಂಡುಸೂಜಿ, ಕೋನಮಾಪಕ ಎಲ್ಲವನ್ನೂ ಹಿಂದಿನ ದಿನವೇ ಸಿದ್ಧ ಮಾಡಿಕೊಂಡಿದ್ದೆ. ಪಾಠಯೋಜನೆಗೆ ಮಾರ್ಗದರ್ಶಕರ ಸಹಿಯೂ ಆಗಿತ್ತು.

ಚಟುವಟಿಕೆ ಚೆನ್ನಾಗಿಯೇ ನಡೆಯಿತು. ಐದು ಗುಂಪುಗಳೂ ಸೂಜಿ ಚುಚ್ಚಿ, ಕಿರಣಗಳನ್ನು ಎಳೆದು, ಪತನ ಕೋನ ಮತ್ತು ಪ್ರತಿಫಲನ ಕೋನಗಳನ್ನು ಅಳೆದವು. ಎರಡು ಡಿಗ್ರಿಯೊಳಗೆ ಎಲ್ಲರಿಗೂ ಸಮ ಬಂತು. ಕಪ್ಪುಹಲಗೆಯ ಮೇಲೆ ‘ಪತನ ಕೋನವು ಪ್ರತಿಫಲನ ಕೋನಕ್ಕೆ ಸಮ’ ಎಂದು ಬರೆದು ಅದರ ಸುತ್ತ ಬಣ್ಣದ ಸೀಮೆಸುಣ್ಣದಲ್ಲಿ ಚೌಕ ಹಾಕಿದೆ. ಪುನರಾವರ್ತನೆಯ ಪ್ರಶ್ನೆಗಳಿಗೆ ಇನ್ನೂ ಆರು ನಿಮಿಷ ಉಳಿದಿತ್ತು.

ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಂದೆ ಸಾರಿಗೆ ಬಸ್ಸಿನ ಚಾಲಕರು. “ಮಿಸ್, ನಾವು ಮಾಡಿದ್ದು ಕನ್ನಡಿ ಅಲ್ಲಾಡದ ಹಾಗೆ ನಿಲ್ಲಿಸಿ. ನಮ್ಮಪ್ಪನ ಬಸ್ಸಿನ ಕನ್ನಡಿ ಓಡ್ತಾನೇ ಇರುತ್ತಲ್ಲ, ಆಗಲೂ ಎರಡು ಕೋನ ಸಮ ಇರುತ್ತಾ?”

ಕೋಣೆಯ ಹಿಂಬದಿಯಲ್ಲಿ ಮಾರ್ಗದರ್ಶಕಿ ಮೇಡಂ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ನಾನು ಯೋಚಿಸದೆ, “ನಿಯಮ ಅಂದ ಮೇಲೆ ನಿಯಮ. ಕನ್ನಡಿ ನಿಂತಿರಲಿ, ಓಡುತ್ತಿರಲಿ, ಯಾವಾಗಲೂ ಸಮ. ಕುಳಿತುಕೊ” ಎಂದೆ. ಅವಳು ಕುಳಿತಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಗಂಟೆ ಹೊಡೆಯಿತು.

ಅಂದಿನ ವೀಕ್ಷಣಾ ವರದಿಯಲ್ಲಿ ಕೌಶಲಗಳಿಗೆಲ್ಲ ಒಳ್ಳೆಯ ಅಂಕ ಬಂದಿದ್ದವು. ಕೊನೆಯಲ್ಲಿ ಒಂದು ಸಾಲು ಇತ್ತು: ‘ವಿದ್ಯಾರ್ಥಿನಿಯ ಪ್ರಶ್ನೆಯನ್ನು ಮುಚ್ಚಲಾಯಿತು, ಉತ್ತರಿಸಲಿಲ್ಲ.’ ನಾನು ಮೇಡಂ ಬಳಿ ಹೋಗಿ, “ನಾನು ಹೇಳಿದ್ದು ಸರಿಯೇ ಅಲ್ಲವೇ ಮೇಡಂ?” ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟೇ: “ಸಮ ಅಂತ ಹೇಳಿದೆಯಲ್ಲಮ್ಮಾ, ಯಾರು ಅಳೆದ ಕೋನ ಅದು? ಬಸ್ಸಿನಲ್ಲಿ ಕೂತವರು ಅಳೆದಿದ್ದೋ, ರಸ್ತೆ ಪಕ್ಕ ನಿಂತವರು ಅಳೆದಿದ್ದೋ? ನೀನು ಬಿ.ಎಸ್ಸಿ.ಯಲ್ಲಿ ಸಾಪೇಕ್ಷತೆ ಓದಿದ್ದೀಯಲ್ಲ, ನೋಡು.”

ಆ ರಾತ್ರಿ ನೋಡಿದೆ. ನಾನು ಹೇಳಿದ ಉತ್ತರ ತಪ್ಪಾಗಿತ್ತು. ಎಲ್ಲಿ ತಪ್ಪು, ಎಷ್ಟು ತಪ್ಪು, ಅದನ್ನು ಹತ್ತನೇ ತರಗತಿಗೆ ಹೇಗೆ ತಿದ್ದಿ ಹೇಳಬಹುದು ಎಂಬುದೇ ಈ ಲೇಖನದ ವಿಷಯ. ಪ್ರತಿವರ್ಷ ನಮ್ಮಲ್ಲಿ ಯಾರಾದರೊಬ್ಬರು ಈ ಪಾಠ ಮಾಡುವುದರಿಂದ ಮುಂದಿನವರಿಗೆ ಉಪಯೋಗವಾಗಬಹುದು.

2. ಮೊದಲು ಚೆಂಡಿನಿಂದ

ಬೆಳಕಿಗೆ ಹೋಗುವ ಮುನ್ನ ಚೆಂಡಿನ ಉದಾಹರಣೆ ನೋಡೋಣ. ನಿಂತ ಗೋಡೆಗೆ ಚೆಂಡನ್ನು ಓರೆಯಾಗಿ ಎಸೆದರೆ ಅದು ಬಂದಷ್ಟೇ ಓರೆಯಾಗಿ ಹಿಂದಿರುಗುತ್ತದೆ. ಚೆಂಡಿನ ವೇಗವನ್ನು ಎರಡು ಭಾಗ ಮಾಡಿಕೊಂಡರೆ ಕಾರಣ ತಿಳಿಯುತ್ತದೆ. ಗೋಡೆಯ ಉದ್ದಕ್ಕೂ ಇರುವ ಭಾಗ ಬದಲಾಗುವುದಿಲ್ಲ. ಗೋಡೆಗೆ ಲಂಬವಾಗಿರುವ ಭಾಗ ದಿಕ್ಕು ಮಾತ್ರ ಬದಲಿಸುತ್ತದೆ.

ಗೋಡೆಯ ಬದಲು ಎದುರಿಗೆ ಬರುತ್ತಿರುವ ಹಲಗೆ ಇದ್ದರೆ? ಬೀಸಿದ ಬ್ಯಾಟಿಗೆ ಬಡಿದ ಚೆಂಡು ಹೆಚ್ಚು ವೇಗದಲ್ಲಿ ಹೋಗುವುದನ್ನು ಮಕ್ಕಳೆಲ್ಲ ನೋಡಿದ್ದಾರೆ. ಚೆಂಡು ಪೂರ್ತಿ ಪುಟಿಯುವಂಥದ್ದು ಮತ್ತು ಹಲಗೆ ತುಂಬ ಭಾರವಾದದ್ದು ಎಂದುಕೊಂಡರೆ, ಲಂಬ ದಿಕ್ಕಿನ ಭಾಗಕ್ಕೆ ಹಲಗೆಯ ವೇಗದ ಎರಡು ಪಟ್ಟು ಸೇರುತ್ತದೆ. ಉದ್ದಕ್ಕೂ ಇರುವ ಭಾಗ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಚೆಂಡು ಮೊದಲಿಗಿಂತ ವೇಗವಾಗಿಯೂ, ಲಂಬಕ್ಕೆ ಹತ್ತಿರವಾಗಿಯೂ ಹಿಂದಿರುಗುತ್ತದೆ. ಎರಡು ಕೋನಗಳು ಸಮವಲ್ಲ. ಹಲಗೆ ಹಿಂದಕ್ಕೆ ಸರಿಯುತ್ತಿದ್ದರೆ ಇದೆಲ್ಲ ತಿರುಗುಮುರುಗಾಗುತ್ತದೆ. ಹಲಗೆ ತನ್ನ ಮೇಲ್ಮೈಯ ಉದ್ದಕ್ಕೇ ಪಕ್ಕಕ್ಕೆ ಸರಿಯುತ್ತಿದ್ದರೆ ಮಾತ್ರ, ಉಜ್ಜಾಟವನ್ನು ಬಿಟ್ಟರೆ, ಏನೂ ಬದಲಾಗದು.

ಬೆಳಕಿಗೂ ಹೀಗೇ ಆಗಬೇಕೆಂದು ತೋರುತ್ತದೆ. ಆದರೆ ಒಂದು ತೊಡಕಿದೆ. ಚೆಂಡಿನ ವೇಗ ಹೆಚ್ಚಬಹುದು, ಬೆಳಕಿನ ವೇಗ ಹೆಚ್ಚುವಂತಿಲ್ಲ. ಚಲಿಸುವ ದರ್ಪಣದಿಂದ ಹೊರಟ ಬೆಳಕೂ ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ಹೋಗುತ್ತದೆ. ಮೂಲ ಹೇಗೇ ಚಲಿಸುತ್ತಿದ್ದರೂ ಬೆಳಕಿನ ವೇಗ ಒಂದೇ ಎಂಬುದು ವಿಶೇಷ ಸಾಪೇಕ್ಷತೆಯ ಎರಡು ಆಧಾರ ತತ್ವಗಳಲ್ಲಿ ಒಂದು. ಹಾಗಾದರೆ ದರ್ಪಣ ಕೊಟ್ಟ ಏಟು ಎಲ್ಲಿಗೆ ಹೋಯಿತು? ಬೆಳಕಿನ ದಿಕ್ಕಿಗೆ ಮತ್ತು ಬಣ್ಣಕ್ಕೆ. ಈಗ ಎರಡನ್ನೂ ಲೆಕ್ಕ ಹಾಕೋಣ.

3. ಕಪ್ಪುಹಲಗೆಯ ಮೇಲೆ ಬರೆಯಬಹುದಾದ ಸಾಧನೆ

ಇದಕ್ಕೆ ಲೊರೆಂಟ್ಸ್ ರೂಪಾಂತರದ ಸಮೀಕರಣಗಳು ಬೇಕೇ ಬೇಕು ಎಂದು ನಾನು ಮೊದಲು ಅಂದುಕೊಂಡಿದ್ದೆ. ಬೇಕಿಲ್ಲ. ಪಿಯುಸಿಯಲ್ಲಿ ಕಲಿತ ಹೈಗೆನ್ಸ್ ತತ್ವ ಸಾಕು. ನಿಂತ ದರ್ಪಣಕ್ಕೆ ಮಾಡುವ ಅದೇ ಚಿತ್ರವನ್ನು ದರ್ಪಣ ಸರಿಯುತ್ತಿದೆ ಎಂದುಕೊಂಡು ಮತ್ತೆ ಎಳೆಯಬೇಕು, ಅಷ್ಟೇ.

ದರ್ಪಣ ಅಡ್ಡಲಾಗಿ ಮಲಗಿದೆ, ಮುಖ ಮೇಲಕ್ಕೆ. ಅದು ‘ವ’ ವೇಗದಲ್ಲಿ ಮೇಲಕ್ಕೆ, ಅಂದರೆ ಬರುವ ಬೆಳಕಿನ ಕಡೆಗೆ, ಏರುತ್ತಿದೆ. ಬೆಳಕಿನ ವೇಗ ‘ಬ’. ಪತನ ಕೋನ ‘ಅ’, ಪ್ರತಿಫಲನ ಕೋನ ‘ಇ’. ವ/ಬ ಎಂಬ ಅನುಪಾತವನ್ನು ‘ಕ’ ಎಂದು ಕರೆಯೋಣ.

ಎಡಗಡೆ ಮೇಲಿನಿಂದ ಒಂದು ಸಮತಲ ತರಂಗಮುಖ ಓರೆಯಾಗಿ ಇಳಿಯುತ್ತಿದೆ. ಅದರ ಒಂದು ತುದಿ ದರ್ಪಣವನ್ನು ‘ಗ’ ಎಂಬಲ್ಲಿ ಮುಟ್ಟಿದ ಕ್ಷಣವನ್ನು ಸೊನ್ನೆ ಎಂದುಕೊಳ್ಳೋಣ. ಇನ್ನೊಂದು ತುದಿ ‘ಸ’ ಕಾಲದ ನಂತರ ದರ್ಪಣವನ್ನು ‘ಮ’ ಎಂಬಲ್ಲಿ ಮುಟ್ಟುತ್ತದೆ. ಗ ಮತ್ತು ಮ ನಡುವಿನ ಅಡ್ಡ ಅಂತರ ‘ದ’. ಆ ಹೊತ್ತಿಗೆ ದರ್ಪಣ ವ×ಸ ಎತ್ತರಕ್ಕೆ ಏರಿರುತ್ತದೆ. ಅಂದರೆ ಮ ಬಿಂದು ಗ ಬಿಂದುವಿಗಿಂತ ವ×ಸ ಮೇಲಿದೆ. ನಿಂತ ದರ್ಪಣದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೊಂದೇ.

ಪತನ ತರಂಗಮುಖ ಗ ದಿಂದ ಮ ವರೆಗೆ ತನ್ನ ದಿಕ್ಕಿನಲ್ಲಿ ಮುಂದುವರಿದ ದೂರ ಬ×ಸ ಆಗಬೇಕು:

ದ × ಸೈನ್ ಅ − ವ × ಸ × ಕೊಸ್ ಅ = ಬ × ಸ

ಇನ್ನು ಗ ದಿಂದ ಹೊರಟ ಕಿರುಅಲೆ ಅದೇ ಕಾಲದಲ್ಲಿ ಬ×ಸ ತ್ರಿಜ್ಯದ ವೃತ್ತವಾಗಿ ಹರಡಿರುತ್ತದೆ. ಇಲ್ಲಿ ಎಚ್ಚರ ಬೇಕು. ಈ ವೃತ್ತದ ಕೇಂದ್ರ ಗ ಎಂಬ ಜಾಗದಲ್ಲೇ ನಿಲ್ಲುತ್ತದೆ, ದರ್ಪಣದ ಜೊತೆ ಮೇಲೇರುವುದಿಲ್ಲ. ಮೂಲದ ಚಲನೆ ಬೆಳಕಿನ ವೇಗವನ್ನು ಬದಲಿಸುವುದಿಲ್ಲ ಎಂಬ ತತ್ವ ಬಳಕೆಯಾಗುವುದು ಇಲ್ಲೇ. ಮ ದಿಂದ ಈ ವೃತ್ತಕ್ಕೆ ಎಳೆದ ಸ್ಪರ್ಶಕವೇ ಪ್ರತಿಫಲಿತ ತರಂಗಮುಖ:

ದ × ಸೈನ್ ಇ + ವ × ಸ × ಕೊಸ್ ಇ = ಬ × ಸ

ಎರಡೂ ಸಮೀಕರಣಗಳನ್ನು ಬ×ಸ ದಿಂದ ಭಾಗಿಸಿ, ದ ವನ್ನು ತೆಗೆದುಹಾಕಿದರೆ:

ಸೈನ್ ಅ × (1 − ಕ ಕೊಸ್ ಇ) = ಸೈನ್ ಇ × (1 + ಕ ಕೊಸ್ ಅ)

ಬಿಡಿಸಿ ಜೋಡಿಸಿದರೆ:

ಸೈನ್ ಅ − ಸೈನ್ ಇ = ಕ × ಸೈನ್ (ಅ + ಇ)

ಇದನ್ನು ಅರ್ಧಕೋನಗಳಲ್ಲಿ ಬರೆದಾಗ ಅಂದವಾದ ರೂಪ ಸಿಗುತ್ತದೆ:

ಟ್ಯಾನ್ (ಇ/2) = [(1 − ಕ) / (1 + ಕ)] × ಟ್ಯಾನ್ (ಅ/2)

ದರ್ಪಣ ನಿಂತಿದ್ದರೆ ಕ ಸೊನ್ನೆ, ಆಗ ಇ = ಅ. ನಾವು ಪಾಠ ಮಾಡುವ ನಿಯಮ ಇದೇ. ದರ್ಪಣ ಬೆಳಕಿನ ಕಡೆಗೆ ಬರುತ್ತಿದ್ದರೆ ಇ ಚಿಕ್ಕದು, ದೂರ ಸರಿಯುತ್ತಿದ್ದರೆ ಇ ದೊಡ್ಡದು (ಆಗ ಕ ಗೆ ಋಣ ಚಿಹ್ನೆ ಹಾಕಬೇಕು). ದರ್ಪಣ ತನ್ನ ಮೇಲ್ಮೈಯ ಉದ್ದಕ್ಕೆ ಮಾತ್ರ ಸರಿಯುತ್ತಿದ್ದರೆ ಮ ಬಿಂದು ಮೇಲೇರುವುದೇ ಇಲ್ಲ, ಆದ್ದರಿಂದ ಕೋನಗಳು ಸಮ. ಓರೆಯಾಗಿ ಓಡುವ ದರ್ಪಣವಾದರೆ ಅದರ ವೇಗದಲ್ಲಿ ಮುಖಕ್ಕೆ ಲಂಬವಾದ ಭಾಗವನ್ನಷ್ಟೇ ತೆಗೆದುಕೊಂಡರೆ ಸಾಕು.

ಐನ್‌ಸ್ಟೈನ್ 1905ರ ತಮ್ಮ ‘ಚಲಿಸುವ ಕಾಯಗಳ ವಿದ್ಯುತ್‌ಚಲನಶಾಸ್ತ್ರ’ ಪ್ರಬಂಧದ ಎಂಟನೇ ವಿಭಾಗದಲ್ಲಿ ಇದೇ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಬಿಡಿಸಿದ್ದಾರೆ. ಮೊದಲು ದರ್ಪಣದ ಜೊತೆ ಹೋಗುವ ಚೌಕಟ್ಟಿಗೆ ಹೋಗಿ, ಅಲ್ಲಿ ‘ಕೋನಗಳು ಸಮ’ ಎಂಬ ಸಾಮಾನ್ಯ ನಿಯಮವನ್ನು ಬಳಸಿ, ಮತ್ತೆ ನಿಂತವರ ಚೌಕಟ್ಟಿಗೆ ಹಿಂದಿರುಗಿದ್ದಾರೆ. ಎರಡು ದಾರಿಯಲ್ಲೂ ಬರುವ ಉತ್ತರ ಒಂದೇ. ಮೇಡಂ ಕೇಳಿದ ‘ಯಾರು ಅಳೆದ ಕೋನ?’ ಎಂಬುದರ ಅರ್ಥ ನನಗೆ ತಿಳಿದದ್ದು ಆಗ. ಸೂತ್ರದಲ್ಲಿರುವ ವ ಎಂಬುದು ಅಳೆಯುವವರ ಲೆಕ್ಕದಲ್ಲಿ ದರ್ಪಣಕ್ಕಿರುವ ವೇಗ. ದರ್ಪಣದ ಜೊತೆಗೇ ಹೋಗುತ್ತಿರುವವರಿಗೆ ವ ಸೊನ್ನೆ, ಆದ್ದರಿಂದ ಅವರಿಗೆ ಯಾವಾಗಲೂ ಸಮ.

ಈಥರ್ ಇದೆ ಎಂದು ನಂಬಿದ್ದವರೂ ಹೈಗೆನ್ಸ್ ಚಿತ್ರದಿಂದ ಇದೇ ಸೂತ್ರಕ್ಕೆ ಬರಬಹುದಿತ್ತು. ಆದರೆ ಅವರ ಪ್ರಕಾರ ಅದು ಈಥರ್‌ನಲ್ಲಿ ನಿಂತವರಿಗೆ ಮಾತ್ರ ಸರಿ. ಏಕರೂಪ ವೇಗದಲ್ಲಿರುವ ಯಾರು ಬೇಕಾದರೂ ತಮ್ಮನ್ನು ನಿಂತವರೆಂದು ತಿಳಿದು ಈ ಚಿತ್ರ ಎಳೆಯಬಹುದು ಎಂಬುದು ಸಾಪೇಕ್ಷತೆ ಸೇರಿಸಿದ ಮಾತು.

4. ಅಂಕೆಗಳಲ್ಲಿ

ಸೂತ್ರ ಬರೆದು ಬಿಟ್ಟರೆ ನನಗೇ ಮನಸ್ಸಿಗೆ ಹಿಡಿಯಲಿಲ್ಲ, ಆದ್ದರಿಂದ ಲೆಕ್ಕ ಹಾಕಿದೆ.

ದರ್ಪಣ ಬೆಳಕಿನ ಅರ್ಧ ವೇಗದಲ್ಲಿ ಎದುರಿಗೆ ಬರುತ್ತಿದೆ, ಪತನ ಕೋನ 60 ಡಿಗ್ರಿ. ಟ್ಯಾನ್ 30 ಡಿಗ್ರಿ ಎಂದರೆ 0.577, ಅದರ ಮೂರನೇ ಒಂದು ಭಾಗ 0.192. ಆದ್ದರಿಂದ ಪ್ರತಿಫಲನ ಕೋನ ಸುಮಾರು 21.8 ಡಿಗ್ರಿ. ಬೆಳಕನ್ನು ಚೆಂಡು ಎಂದು ತಿಳಿದು, ಲಂಬ ಭಾಗಕ್ಕೆ ದರ್ಪಣದ ವೇಗದ ಎರಡು ಪಟ್ಟು ಸೇರಿಸಿ ಲೆಕ್ಕ ಹಾಕಿದರೆ 30 ಡಿಗ್ರಿ ಬರುತ್ತದೆ. ವೇಗ ತೀರಾ ಹೆಚ್ಚಾದಾಗ ಚೆಂಡಿನ ಹೋಲಿಕೆ ಕೈಕೊಡುವುದು ಹೀಗೆ.

ಅದೇ ದರ್ಪಣ ಅರ್ಧ ವೇಗದಲ್ಲಿ ದೂರ ಸರಿಯುತ್ತಿದ್ದರೆ, 30 ಡಿಗ್ರಿಯಲ್ಲಿ ಬಿದ್ದ ಬೆಳಕು ಸುಮಾರು 77.6 ಡಿಗ್ರಿಯಲ್ಲಿ ಹೊರಡುತ್ತದೆ. ಪತನ ಕೋನ ಸುಮಾರು 36.9 ಡಿಗ್ರಿ ಆದಾಗ ಪ್ರತಿಫಲನ ಕೋನ 90 ಡಿಗ್ರಿ, ಅಂದರೆ ಬೆಳಕು ದರ್ಪಣದ ಮುಖಕ್ಕೆ ಸಮಾಂತರವಾಗಿ ಹೋಗುತ್ತದೆ. ಅದಕ್ಕೂ ಓರೆಯಾಗಿ ಬಿದ್ದರೆ ‘ಪ್ರತಿಫಲಿತ’ ಕಿರಣ ದರ್ಪಣ ಹೋಗುವ ಕಡೆಗೇ ಹೋಗುತ್ತದೆ, ಆದರೆ ಆ ದಿಕ್ಕಿನಲ್ಲಿ ದರ್ಪಣಕ್ಕಿಂತ ನಿಧಾನವಾಗಿ, ಅದರ ಹಿಂದೆ ಉಳಿದು. 60 ಡಿಗ್ರಿಗೆ ಬಂದಾಗ ಬೆಳಕು ದರ್ಪಣವನ್ನು ಹಿಡಿಯುವುದೇ ಇಲ್ಲ. ಏಕೆಂದರೆ ಬೆಳಕಿನ ವೇಗದಲ್ಲಿ ಲಂಬ ದಿಕ್ಕಿನ ಭಾಗ ಆಗ ಸರಿಯಾಗಿ ಅರ್ಧ, ದರ್ಪಣವೂ ಅಷ್ಟೇ ವೇಗದಲ್ಲಿ ಓಡುತ್ತಿದೆ.

ಇನ್ನು ಬಣ್ಣ. ಬೆಳಕು ನೇರವಾಗಿ, ಲಂಬವಾಗಿ ಬೀಳುತ್ತಿದೆ ಎಂದುಕೊಳ್ಳಿ. ಎರಡು ಉಬ್ಬುಗಳ ನಡುವಿನ ಅಂತರವೇ ತರಂಗದೂರ. ಒಂದು ಉಬ್ಬು ದರ್ಪಣವನ್ನು ಮುಟ್ಟಿದ ಮೇಲೆ ಮುಂದಿನ ಉಬ್ಬು ಮತ್ತು ದರ್ಪಣ ಎದುರುಬದುರಾಗಿ ಬರುವುದರಿಂದ ಅವು ಬೇಗ ಸಂಧಿಸುತ್ತವೆ. ಅವುಗಳ ಅಂತರ ಕಡಿಮೆಯಾಗುವ ವೇಗ ಬ + ವ. ಅಷ್ಟರಲ್ಲಿ ಹಿಂದಿರುಗಿದ ಮೊದಲ ಉಬ್ಬು ಮುಂದೆ ಹೋಗಿದೆ, ದರ್ಪಣವೂ ಅದರ ಹಿಂದೆಯೇ ಬಂದಿದೆ. ಇವುಗಳ ಅಂತರ ಹೆಚ್ಚುವ ವೇಗ ಬ − ವ. ಆದ್ದರಿಂದ ಹೊಸ ತರಂಗದೂರ ಹಳೆಯದರ (ಬ − ವ)/(ಬ + ವ) ಪಟ್ಟು. ಆವೃತ್ತಿ (1 + ಕ)/(1 − ಕ) ಪಟ್ಟು ಏರುತ್ತದೆ. ಇದು ಚಲಿಸುವ ದರ್ಪಣದ ಡಾಪ್ಲರ್ ಪರಿಣಾಮ.

ಓರೆಯಾಗಿ ಬಿದ್ದಾಗ ಇನ್ನೊಂದು ಸರಳ ಸಂಬಂಧವಿದೆ. ಒಂದು ಕ್ಷಣದಲ್ಲಿ ದರ್ಪಣದ ಮೇಲ್ಮೈಯ ಉದ್ದಕ್ಕೂ ಉಬ್ಬುಗಳ ಅಂತರವನ್ನು ಅಳೆದರೆ ಅದು ಬರುವ ಅಲೆಗೂ ಹೋಗುವ ಅಲೆಗೂ ಒಂದೇ ಆಗಿರಬೇಕು. ಅಂದರೆ ತರಂಗದೂರವನ್ನು ಕೋನದ ಸೈನ್‌ನಿಂದ ಭಾಗಿಸಿದರೆ ಎರಡಕ್ಕೂ ಒಂದೇ ಬೆಲೆ. ಮೇಲಿನ 60 ಡಿಗ್ರಿಯ ಉದಾಹರಣೆಯಲ್ಲಿ ಆವೃತ್ತಿ 2.33 ಪಟ್ಟಾಗುತ್ತದೆ. 700 ನ್ಯಾನೊಮೀಟರಿನ ಕೆಂಪು ಬೆಳಕು 300 ನ್ಯಾನೊಮೀಟರಿನ ಅತಿನೇರಳೆಯಾಗಿ, ಕಣ್ಣಿಗೆ ಕಾಣದ ಬೆಳಕಾಗಿ ಹಿಂದಿರುಗುತ್ತದೆ. ಆವೃತ್ತಿ ಹೆಚ್ಚಿದರೆ ಶಕ್ತಿಯೂ ಹೆಚ್ಚು. ಆ ಶಕ್ತಿಯನ್ನು ಕೊಟ್ಟವರು ಬೆಳಕಿನ ಒತ್ತಡಕ್ಕೆ ಎದುರಾಗಿ ದರ್ಪಣವನ್ನು ತಳ್ಳುತ್ತಿರುವವರು.

5. ಬಸ್ಸಿನ ಕನ್ನಡಿಗೆ ಬಂದರೆ

ಹುಡುಗಿ ಕೇಳಿದ್ದು ಅರ್ಧ ಬೆಳಕಿನ ವೇಗದ ಕನ್ನಡಿಯ ಬಗ್ಗೆ ಅಲ್ಲ, ಬಸ್ಸಿನ ಕನ್ನಡಿಯ ಬಗ್ಗೆ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಇದು ಬೆಳಕಿನ ವೇಗದ ಒಂದೂವರೆ ಕೋಟಿಯಲ್ಲಿ ಒಂದು ಭಾಗ. ಇಷ್ಟು ಕಡಿಮೆ ವೇಗಕ್ಕೆ ಸೂತ್ರ ಸರಳವಾಗುತ್ತದೆ: ಎರಡು ಕೋನಗಳ ವ್ಯತ್ಯಾಸ, ರೇಡಿಯನ್‌ನಲ್ಲಿ, 2 × ಕ × ಸೈನ್ ಅ. ಚೆಂಡಿನ ಲೆಕ್ಕವೂ ಈ ವೇಗದಲ್ಲಿ ಇದನ್ನೇ ಕೊಡುತ್ತದೆ.

ಕನ್ನಡಿ ಹಿಂದಕ್ಕೆ ಮುಖ ಮಾಡಿ ಮುಂದಕ್ಕೆ ಓಡುತ್ತದೆ. ಹಿಂದೆ ಇರುವ ಮರದ ಬೆಳಕಿನಿಂದ ಅದು ದೂರ ಸರಿಯುತ್ತಿದೆ. ಪತನ ಕೋನ 45 ಡಿಗ್ರಿ ಎಂದಿಟ್ಟುಕೊಂಡರೆ, ರಸ್ತೆ ಬದಿಯಲ್ಲಿ ನಿಂತು ಅಳೆದವರಿಗೆ ಪ್ರತಿಫಲನ ಕೋನ ಒಂದು ರೇಡಿಯನ್‌ನ ಕೋಟಿಯಲ್ಲಿ ಸುಮಾರು ಒಂದು ಭಾಗದಷ್ಟು ಹೆಚ್ಚು. ಪ್ರತಿಫಲಿತ ಕಿರಣ ಒಂದು ಕಿಲೋಮೀಟರ್ ಹೋದರೆ 0.1 ಮಿಲಿಮೀಟರಿನಷ್ಟು, ಅಂದರೆ ಒಂದು ಕೂದಲೆಳೆಯ ದಪ್ಪದಷ್ಟು, ಪಕ್ಕಕ್ಕೆ ಬೀಳುತ್ತದೆ. ನಮ್ಮ ಕೋನಮಾಪಕದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಬರುವುದೇ ದೊಡ್ಡ ಮಾತಲ್ಲ. ಆದ್ದರಿಂದ ಇದು ಎಂದೂ ಕಾಣುವುದಿಲ್ಲ.

ಚಾಲಕರಿಗೆ? ಅವರು ಕನ್ನಡಿಯ ಜೊತೆಗೇ ಹೋಗುತ್ತಿದ್ದಾರೆ. ಅವರ ಅಳತೆಯಲ್ಲಿ ಕನ್ನಡಿ ನಿಂತಿದೆ, ಮರವೇ ಹಿಂದಕ್ಕೆ ಓಡುತ್ತಿದೆ. ಅವರಿಗೆ ಎರಡು ಕೋನಗಳೂ ಪೂರ್ತಿ ಸಮ. ರಸ್ತೆಯವರೂ ಚಾಲಕರೂ ಬೇರೆ ಬೇರೆ ಕೋನ ಹೇಳಿದರೂ, ಯಾವ ಕಿರಣ ಚಾಲಕರ ಕಣ್ಣಿಗೆ ಬಿತ್ತು ಎಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಕೋನ ಕಾಣದಿದ್ದರೂ ಆವೃತ್ತಿಯ ಬದಲಾವಣೆಯನ್ನು ದಿನವೂ ಅಳೆಯುತ್ತಾರೆ. ಹೆದ್ದಾರಿಯಲ್ಲಿ ವಾಹನಗಳ ವೇಗ ನೋಡುವ ರಾಡಾರ್ ಗನ್ ಮಾಡುವುದು ಇದನ್ನೇ. ಅದು ಕಳಿಸುವ ರೇಡಿಯೊ ಅಲೆಯೂ ಬೆಳಕಿನ ಜಾತಿಯದೇ, ಓಡುವ ವಾಹನವೇ ಅದಕ್ಕೆ ದರ್ಪಣ. ಅಲೆಯ ಆವೃತ್ತಿ 24.15 ಗಿಗಾಹರ್ಟ್ಸ್ ಆಗಿದ್ದು, ಬಸ್ಸು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ನೇರ ಎದುರಿಗೆ ಬಂದರೆ, ಹಿಂದಿರುಗಿದ ಅಲೆಯ ಆವೃತ್ತಿ ಸುಮಾರು 3,220 ಹರ್ಟ್ಸ್ ಹೆಚ್ಚಾಗಿರುತ್ತದೆ. ಇಷ್ಟನ್ನು ಉಪಕರಣ ಸುಲಭವಾಗಿ ಎಣಿಸುತ್ತದೆ.

6. ನಾನೇ ಕೇಳದೆ ಬಿಟ್ಟಿದ್ದ ಪ್ರಶ್ನೆ

ಓದುತ್ತಿದ್ದಾಗ ಬಿ.ಎಸ್ಸಿ.ಯ ಒಂದು ಚಿತ್ರ ನೆನಪಾಯಿತು. 1887ರ ಮೈಕೆಲ್ಸನ್-ಮಾರ್ಲೆ ಪ್ರಯೋಗದಲ್ಲಿ 45 ಡಿಗ್ರಿಗೆ ನಿಲ್ಲಿಸಿದ ಅರ್ಧ ಪಾರದರ್ಶಕ ದರ್ಪಣ ಬೆಳಕನ್ನು ಎರಡಾಗಿ ಒಡೆಯುತ್ತದೆ. ಉಪಕರಣವೆಲ್ಲ ಭೂಮಿಯ ಜೊತೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಪುಸ್ತಕದ ಚಿತ್ರದಲ್ಲಿ ಅಡ್ಡದಿಕ್ಕಿನ ಕಿರಣವನ್ನು ಸ್ವಲ್ಪ ಮುಂದಕ್ಕೆ ಓರೆಯಾಗಿ ಎಳೆದಿರುತ್ತಾರೆ. ಹಾಗೆ ಓರೆಯಾಗದಿದ್ದರೆ ಅದು ಮುಂದೆ ಸರಿದುಹೋದ ಎದುರಿನ ದರ್ಪಣಕ್ಕೆ ಸರಿಯಾಗಿ ಬೀಳುವುದಿಲ್ಲ. ಆದರೆ 45 ಡಿಗ್ರಿಯಲ್ಲಿ ಬಿದ್ದದ್ದು 45 ಡಿಗ್ರಿಯಲ್ಲೇ ಹೊರಟರೆ ಆ ಓರೆ ಬರುವುದೆಲ್ಲಿಂದ? ಪರೀಕ್ಷೆಯಲ್ಲಿ ನಾನು ಆ ಚಿತ್ರ ಬಿಡಿಸಿ ಅಂಕ ಪಡೆದಿದ್ದೆ. ಈ ಪ್ರಶ್ನೆ ಕೇಳಿರಲಿಲ್ಲ.

ಈಗ ಉತ್ತರ ಸಿಕ್ಕಿತು. ಆ ದರ್ಪಣವೂ ಬೆಳಕಿನಿಂದ ದೂರ ಸರಿಯುತ್ತಿರುವ ದರ್ಪಣ. ಅದರ ವೇಗದಲ್ಲಿ ಮುಖಕ್ಕೆ ಲಂಬವಾದ ಭಾಗವನ್ನು ಹಿಡಿದು ಮೇಲಿನ ಸರಳ ಸೂತ್ರ ಹಾಕಿದರೆ ಕಿರಣ ಮುಂದಕ್ಕೆ ಓರೆಯಾಗುವ ಕೋನ ಸರಿಯಾಗಿ ವ/ಬ, ಅಂದರೆ ಹತ್ತು ಸಾವಿರದಲ್ಲಿ ಒಂದು ರೇಡಿಯನ್. ಒಂದು ಮೀಟರ್ ದೂರಕ್ಕೆ 0.1 ಮಿಲಿಮೀಟರ್. ಬೆಳಕು ಒಂದು ಮೀಟರ್ ಹೋಗುವಷ್ಟರಲ್ಲಿ ಎದುರಿನ ದರ್ಪಣ ಸರಿದಿರುವುದೂ ಅಷ್ಟೇ. ಸೂರ್ಯನ ಲೆಕ್ಕದಲ್ಲಿ ನೋಡುವವರಿಗೆ ಕೋನಗಳು ಸಮವಲ್ಲ, ಪ್ರಯೋಗಶಾಲೆಯಲ್ಲಿರುವವರಿಗೆ ಸಮ. ಇಬ್ಬರ ಲೆಕ್ಕದಲ್ಲೂ ಕಿರಣ ಗುರಿ ತಪ್ಪುವುದಿಲ್ಲ.

7. ಮರುಪಾಠ

ಮುಂದಿನ ಪ್ರಶ್ನೆ, ತರಗತಿಯಲ್ಲಿ ಇದನ್ನು ಹೇಳಬೇಕೇ ಎಂಬುದು. ನನ್ನ ಸಹಪಾಠಿಗಳಲ್ಲಿ ಇಬ್ಬರು ಬೇಡ ಎಂದರು. ಪಠ್ಯದಲ್ಲಿಲ್ಲ, ಮಕ್ಕಳಿಗೆ ಗೊಂದಲ, ಅಂತಿಮ ಪಾಠಕ್ಕೆ ಮುಂಚೆ ‘ನಾನು ಹೇಳಿದ್ದು ತಪ್ಪು’ ಎಂದರೆ ತರಗತಿ ಕೈತಪ್ಪುತ್ತದೆ ಎಂಬುದು ಅವರ ವಾದ. ನನಗೂ ಆ ಭಯವಿತ್ತು. ಆದರೆ ಸರಿಯಾಗಿ ಯೋಚಿಸಿದ ಹುಡುಗಿಯನ್ನು ನಾನು ತಪ್ಪು ಉತ್ತರ ಕೊಟ್ಟು ಕೂರಿಸಿದ್ದೆ. ವಿಷಯ ಶಿಕ್ಷಕರನ್ನು ಕೇಳಿ ಗುರುವಾರದ ಅವಧಿಯಲ್ಲಿ ಇಪ್ಪತ್ತು ನಿಮಿಷ ಪಡೆದೆ.

ಮೊದಲ ಮಾತೇ ಅದಾಗಿತ್ತು: “ಸೋಮವಾರ ಓಡುವ ಕನ್ನಡಿ ಬಗ್ಗೆ ನಾನು ಕೊಟ್ಟ ಉತ್ತರ ತಪ್ಪು. ಇವತ್ತು ಸರಿಮಾಡೋಣ.” ತರಗತಿ ಒಂದು ಕ್ಷಣ ಸುಮ್ಮನಾಯಿತು. ನಂತರ ಎಲ್ಲರೂ ಆ ಹುಡುಗಿಯ ಕಡೆ ತಿರುಗಿದರು.

ಎಲ್ಲರನ್ನೂ ಜಗಲಿಗೆ ಕರೆದುಕೊಂಡು ಹೋದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಲಂಬರೇಖೆ ಮತ್ತು ಓರೆರೇಖೆ ಎಳೆದೆವು. ಒಬ್ಬ ಹುಡುಗ ಡ್ರಾಯಿಂಗ್ ಬೋರ್ಡನ್ನು ನೆಟ್ಟಗೆ ಹಿಡಿದು ಕುಳಿತ, ಇನ್ನೊಬ್ಬಳು ಓರೆರೇಖೆಯ ಮೇಲೆ ರಬ್ಬರ್ ಚೆಂಡು ಉರುಳಿಸಿದಳು. ಬೋರ್ಡು ನಿಂತಿದ್ದಾಗ ಚೆಂಡು ಹೆಚ್ಚುಕಡಿಮೆ ಅಷ್ಟೇ ಓರೆಯಾಗಿ ಹಿಂದಿರುಗಿತು. ಬೋರ್ಡನ್ನು ಮುಂದಕ್ಕೆ ತಳ್ಳುತ್ತಿದ್ದಾಗ ವೇಗವಾಗಿ, ಲಂಬರೇಖೆಯ ಹತ್ತಿರಕ್ಕೆ ಬಂತು. ಬೋರ್ಡನ್ನು ಪಕ್ಕಕ್ಕೆ ಮಾತ್ರ ಎಳೆದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಳತೆ ನಿಖರವಾಗಿರಲಿಲ್ಲ, ಆದರೆ ಮೂರು ಸಲ ಮಾಡಿದರೂ ಮೂರು ಸಲವೂ ಹಾಗೆಯೇ ಆಯಿತು.

ಒಳಗೆ ಬಂದು ಒಂದೇ ಪ್ರಶ್ನೆ ಕೇಳಿದೆ: “ಬೆಳಕಿನ ವೇಗ ಚೆಂಡಿನ ಹಾಗೆ ಹೆಚ್ಚೋದಕ್ಕೆ ಆಗಲ್ಲ. ಹಾಗಾದ್ರೆ ಏನು ಬದಲಾಗಬಹುದು?” “ಕೋನ” ಎಂದು ಹಲವರು ಹೇಳಿದರು. ಬಣ್ಣವನ್ನು ಯಾರೂ ಊಹಿಸಲಿಲ್ಲ, ನಾನೇ ಹೇಳಿದೆ. ಸೂತ್ರ ಬರೆಯಲಿಲ್ಲ. ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಬರೆದೆ:

ಕನ್ನಡಿಯ ಜೊತೆ ಇರುವವರು ಅಳೆದರೆ ಪತನ ಕೋನ, ಪ್ರತಿಫಲನ ಕೋನ ಯಾವಾಗಲೂ ಸಮ.
ಕನ್ನಡಿ ತಮ್ಮೆದುರು ಹಿಂದೆ ಮುಂದೆ ಚಲಿಸುವುದನ್ನು ನೋಡುವವರು ಅಳೆದರೆ ಸಮವಲ್ಲ, ಆದರೆ ಬಸ್ಸಿನ ವೇಗದಲ್ಲಿ ವ್ಯತ್ಯಾಸ ಕಿಲೋಮೀಟರಿಗೆ ಒಂದು ಕೂದಲೆಳೆಯಷ್ಟು.

ಹಿಂದಿನ ಬೆಂಚಿನ ಹುಡುಗ ಕೇಳಿದ: “ಹಾಗಾದ್ರೆ ಪುಸ್ತಕ ತಪ್ಪಾ ಮಿಸ್? ಪರೀಕ್ಷೇಲಿ ಏನು ಬರೀಬೇಕು?” ಪುಸ್ತಕ ತಪ್ಪಲ್ಲ, ಕನ್ನಡಿ ನಿಂತಿದೆ ಎಂಬುದನ್ನು ಅದು ಹೇಳದೆ ಊಹೆಗೆ ಬಿಟ್ಟಿದೆ, ಪರೀಕ್ಷೆಯ ಕನ್ನಡಿಯೂ ನಿಂತೇ ಇರುತ್ತದೆ, ಆದ್ದರಿಂದ ಸಮ ಎಂದೇ ಬರೆಯಿರಿ ಎಂದೆ. ಪ್ರಶ್ನೆ ಕೇಳಿದ್ದ ಹುಡುಗಿ, “ಹಾಗಾದ್ರೆ ನಮ್ಮಪ್ಪನಿಗೆ ಸಮ, ಬಸ್‌ಸ್ಟಾಂಡಿನಲ್ಲಿ ನಿಂತ ನನಗೆ ಸಮ ಅಲ್ಲ” ಎಂದಳು. ನಾನು ಎರಡು ದಿನ ಓದಿದ್ದನ್ನು ಅವಳು ಒಂದು ವಾಕ್ಯದಲ್ಲಿ ಹೇಳಿದ್ದಳು.

8. ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ

ಈ ಅನುಭವದ ಮೇಲೆ ನನ್ನ ಪಾಠಯೋಜನೆಯಲ್ಲಿ ಮೂರು ಬದಲಾವಣೆ ಮಾಡಿಕೊಂಡಿದ್ದೇನೆ.

ಒಂದು, ನಿಯಮ ಬರೆಯುವಾಗ ‘ನಿಶ್ಚಲ ದರ್ಪಣದಲ್ಲಿ’ ಎಂಬ ಮಾತನ್ನು ಸೇರಿಸುತ್ತೇನೆ. ಅದಕ್ಕೆ ವಿವರಣೆ ಬೇಡ. ಯಾರಾದರೂ ಕೇಳಿದರೆ ಹೇಳಲು ಜಾಗ ಇರುತ್ತದೆ.

ಎರಡು, ‘ಯಾವಾಗಲೂ’, ‘ಎಲ್ಲ ಸಂದರ್ಭದಲ್ಲೂ’ ಎಂಬ ಪದಗಳನ್ನು ತರಗತಿಯಲ್ಲಿ ಬಳಸುವ ಮುಂಚೆ ಆ ನಿಯಮವನ್ನು ಯಾವ ಸ್ಥಿತಿಯಲ್ಲಿ ಅಳೆದೆವು ಎಂದು ನೋಡಿಕೊಳ್ಳುತ್ತೇನೆ. ನಾವು ಅಳೆದದ್ದು ಮೇಜಿನ ಮೇಲೆ ನಿಂತ ಕನ್ನಡಿಯನ್ನು ಮಾತ್ರ.

ಮೂರು, ಗೊತ್ತಿಲ್ಲದ ಪ್ರಶ್ನೆ ಬಂದರೆ ಅದನ್ನು ಕಪ್ಪುಹಲಗೆಯ ಮೂಲೆಯಲ್ಲಿ ದಿನಾಂಕ ಹಾಕಿ ಬರೆದು, “ಗುರುವಾರ ಹೇಳ್ತೀನಿ” ಎನ್ನುತ್ತೇನೆ. ಅಳಿಸದೆ ಹಾಗೆಯೇ ಬಿಟ್ಟರೆ ಮಕ್ಕಳು ಮರೆಯುವುದಿಲ್ಲ, ನಾವೂ ಮರೆಯುವಂತಿಲ್ಲ.

ಈ ಪಾಠ ಮಾಡುವವರು ಡ್ರಾಯಿಂಗ್ ಬೋರ್ಡು ಮತ್ತು ಚೆಂಡಿನ ಚಟುವಟಿಕೆಗೆ ಹತ್ತು ನಿಮಿಷ ಇಟ್ಟುಕೊಂಡರೆ ಸಾಕು. ನುಣುಪಾದ ನೆಲವಿರುವ ಜಗಲಿ ಬೇಕು, ಮಣ್ಣಿನ ಅಂಗಳದಲ್ಲಿ ಚೆಂಡು ದಿಕ್ಕು ತಪ್ಪುತ್ತದೆ. ಬೋರ್ಡು ತಳ್ಳುವವರು ಒಂದೇ ವೇಗದಲ್ಲಿ ತಳ್ಳುವಂತೆ ಮೊದಲೇ ಎರಡು ಸಲ ಅಭ್ಯಾಸ ಮಾಡಿಸಿ. ಮೂರನೇ ಭಾಗದ ಸಾಧನೆಯನ್ನು ಮಕ್ಕಳಿಗೆ ಹೇಳುವುದು ಬೇಡ, ಆದರೆ ನೀವು ಒಮ್ಮೆ ಕೈಯಾರೆ ಬಿಡಿಸಿಕೊಂಡು ಹೋಗಿ.